ಉಕ್ಕಿಗೆ ನೀರೆರೆಯುವ ಬಗೆ

ಶಿರಗುಪ್ಪಿಯ ನಮ್ಮ ಹಳೆಯ ಮನೆಯಲ್ಲಿ, ದನಗಳಿಲ್ಲದೆ ತೆರವಾದ ಕೊಟ್ಟಿಗೆಯೊಳಗೆ, ನನ್ನ ತಂಗಿಯ ಮಗ ಸಣ್ಣದೊಂದು ಮಿಲ್ಲಿಂಗ್ ಯಂತ್ರವನ್ನು ಹೂಡಿದ್ದಾನೆ. ನೀರೆತ್ತುವ ಪಂಪಿನ, ಕಬ್ಬಿನ ಗಾಣದ ಸವೆದ ಭಾಗಗಳನ್ನು ಅದರ ಮೇಲೆ ತಿದ್ದಿ ಕೊಡುತ್ತಾನೆ. ಕಳೆದ ಮಳೆಗಾಲದಲ್ಲಿ ನಾನು ಒಳಗೆ ಕಾಲಿಟ್ಟೊಡನೆ, “ಮಾಮಾ, ಅಲ್ಲಿ ನಿಂದ್ರಬ್ಯಾಡ್ರಿ, ಸಿಡೀತದ!” ಎಂದು ಕೂಗಿದ. ಅಷ್ಟರಲ್ಲಿ ಹಾಲಿನಂಥ ದ್ರವದ ಹನಿಗಳು ನನ್ನ ಧೋತರವನ್ನು ಚುಕ್ಕಿಯಾಗಿಸಿದ್ದವು. ಹಿಂದೆ ಸರಿಯಹೋದವನು ಒದ್ದೆ ನೆಲದ ಮೇಲೆ ಜಾರಿ, ಕಂಬವನ್ನು ಹಿಡಿದು ಉಳಿದೆ. ತಿರುಗುವ ಕಟರು ಒಂದು ಗೇಣಿನಷ್ಟು ದೂರದಲ್ಲಿತ್ತು. ಯಂತ್ರಕ್ಕೆ ನೀರೆರೆಯುವುದೆಂಬ ಅಲ್ಪ ಸಂಗತಿಯನ್ನು ಕುರಿತು ಅಂದಿನಿಂದ ಯೋಚಿಸತೊಡಗಿದೆ.

ಕೇಳುಗರೇ, ಕಬ್ಬಿಣದ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, 1910ರಲ್ಲಿ ಇಂದಿನ ಸಾಂಗಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ನೀರೆರೆಯುವ ಪ್ರಶ್ನೆಯೂ ಹಳೆಯದೇ. ಕತ್ತರಿಸುವ ಜಾಗದ ಮೇಲೆ ಧಾರಾಳವಾಗಿ ನೀರು ಹರಿಸಿದರೆ ಕೆಲಸದ ವೇಗವನ್ನು ನೂರಕ್ಕೆ 30ರಿಂದ 40ರಷ್ಟು ಹೆಚ್ಚಿಸಬಹುದೆಂದು ಅಮೆರಿಕದ ಟೇಲರ್ ಎಂಬ ಎಂಜಿನಿಯರು 1880ರ ದಶಕದಲ್ಲಿಯೇ ಕಂಡುಕೊಂಡಿದ್ದ.

ನೀರು ಬಿಸಿಯನ್ನು ಚೆನ್ನಾಗಿ ಹೀರುತ್ತದೆ. ಆದರೆ ತುಕ್ಕು ಹಿಡಿಸುತ್ತದೆ. ಎಣ್ಣೆ ಘರ್ಷಣೆಯನ್ನು ತಗ್ಗಿಸುತ್ತದೆ. ಆದರೆ ತಂಪು ಮಾಡುವುದು ಕಡಿಮೆ. ಇವೆರಡನ್ನೂ ಒಂದುಗೂಡಿಸಿದ್ದೇ ನೀರಿನಲ್ಲಿ ಬೆರೆಯುವ ಕಟಿಂಗ್ ಆಯಿಲ್. ಸಾಮಾನ್ಯವಾಗಿ 20 ಪಾಲು ನೀರಿಗೆ ಒಂದು ಪಾಲು ಎಣ್ಣೆ. ನೀರನ್ನು ಕಲಕುತ್ತ ಎಣ್ಣೆಯನ್ನು ಸುರಿಯಬೇಕೇ ಹೊರತು, ಎಣ್ಣೆಗೆ ನೀರನ್ನಲ್ಲ. ತಪ್ಪಿದರೆ ಒಡೆದ ಹಾಲಿನಂತೆ ಗಂಟುಗಟ್ಟುತ್ತದೆ. ಬೇಳೆ ಬೇಯದ ಗಡಸು ನೀರಿನಲ್ಲಿಯೂ ಈ ಮಿಶ್ರಣ ನಿಲ್ಲದು; ಶೇಖರಿಸಿದ ಮಳೆನೀರು ಉತ್ತಮ. ಬಹುದಿನ ಅಲುಗದೆ ನಿಂತರೆ ಮೇಲೆ ತೇಲುವ ಎಣ್ಣೆ ಗಾಳಿಯನ್ನು ತಡೆಯುತ್ತದೆ; ಗಾಳಿ ಬೇಡದ ಸೂಕ್ಷ್ಮಾಣುಗಳು ಬೆಳೆದು ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಹಾಗಾದಾಗ ಮೇಲಿಂದ ಹೊಸ ದ್ರವ ಸುರಿದು ಪ್ರಯೋಜನವಿಲ್ಲ. ತೊಟ್ಟಿಯನ್ನು ಬರಿದು ಮಾಡಿ ತೊಳೆಯಬೇಕು. ತೆಗೆದ ದ್ರವವನ್ನು ಕಾಲುವೆಗೆ ಬಿಡುವುದು ನೆರೆಯವನ ಬೆಳೆಗೆ ಬಗೆದ ದ್ರೋಹ.

ಆಯ್ಕೆಯನ್ನು ಲೋಹವೇ ಹೇಳುತ್ತದೆ. ಉಕ್ಕಿಗೆ ಈ ಹಾಲು ದ್ರವ ಒಪ್ಪುತ್ತದೆ. ಬೀಡುಕಬ್ಬಿಣವನ್ನು ಒಣದಾಗಿಯೇ ಕತ್ತರಿಸುವುದು ರೂಢಿ; ಅದರೊಳಗಿನ ಗ್ರಾಫೈಟೇ ಜಾರುಗುಣ ಕೊಡುತ್ತದೆ, ನೀರು ತಗುಲಿದರೆ ಪುಡಿಯೆಲ್ಲ ಕೆಸರಾಗುತ್ತದೆ. ಹಿತ್ತಾಳೆಗೂ ಬಹುಮಟ್ಟಿಗೆ ಏನೂ ಬೇಡ. ಅಲ್ಯೂಮಿನಿಯಂ ಮಾತ್ರ ಕಟರಿನ ಹಲ್ಲಿಗೆ ಮೆತ್ತಿಕೊಳ್ಳುವ ಸ್ವಭಾವದ್ದು. ಕುಂಚದಿಂದ ಸವರಿದ ತೆಳು ಎಣ್ಣೆ ಸಾಕು. ಕೆಲವರು ಸೀಮೆಎಣ್ಣೆ ಬಳಸುತ್ತಾರೆ. ಬೆಂಕಿಯ ಭಯವನ್ನು ಮರೆಯಬಾರದು. ಕಾರ್ಬೈಡಿನ ಹಲ್ಲುಗಳಿಗೆ ಧಾರೆ ಎಡೆಬಿಡದೆ ಇರಬೇಕು, ಇಲ್ಲವೇ ಪೂರ್ತಿ ಒಣಗಿರಬೇಕು. ಆಗಾಗ ಹನಿಸಿದರೆ, ಉರಿಯುವ ಲಾಂದ್ರದ ಗಾಜಿಗೆ ನೀರು ಚಿಮುಕಿಸಿದಂತೆ, ಬಿರುಕು ಬಿಡುತ್ತವೆ.

ಇನ್ನು ಸಿಡಿತದ ಮಾತು. ಗೋಡೆಗೆ ಪರದೆ ಕಟ್ಟುವುದಕ್ಕಿಂತ ಮೊದಲು ನಲ್ಲಿಯನ್ನು ತಿರುಗಿಸಬೇಕು. ರಭಸದ ಧಾರೆಯನ್ನು ತಿರುಗುವ ಹಲ್ಲು ಕವಣೆಯ ಕಲ್ಲಿನಂತೆ ಎಸೆಯುತ್ತದೆ. ಮಂದ ಧಾರೆಯನ್ನು ಕಟರಿನ ತೀರ ಸಮೀಪದಿಂದ, ಲೋಹ ಕಡಿಯುವ ಜಾಗಕ್ಕೇ ಬಿಟ್ಟರೆ ಅದು ಕೆಲಸ ಮಾಡಿ ಇಳಿದು ಹೋಗುತ್ತದೆ. ಕಟರಿನ ವೇಗ ಹೆಚ್ಚಿದಷ್ಟೂ ಎಸೆತ ಹೆಚ್ಚು. ಸಣ್ಣ ಕೆಲಸಕ್ಕೆ ಪಂಪೇ ಬೇಡ, ಕುಂಚ ಸಾಕು. ಆದರೆ ಕುಂಚವನ್ನು ಹಲ್ಲು ಲೋಹದಿಂದ ಹೊರಬರುವ ಕಡೆಯಿಂದಲೇ ಹಿಡಿಯಬೇಕು. ಒಳಹೊಗುವ ಕಡೆ ಹಿಡಿದರೆ ಕುಂಚದೊಡನೆ ಬೆರಳನ್ನೂ ಎಳೆದೀತು. ಕೈಗವಸು ತೊಟ್ಟು ಇದನ್ನು ಮಾಡಲೇಬಾರದು. ಇಷ್ಟಾದ ಮೇಲೆ ಎರಡು ಪಕ್ಕಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹಲಗೆ, ಕೆಳಗೆ ಅಂಚುಳ್ಳ ತಟ್ಟೆ, ತಟ್ಟೆಯ ತೂತಿಗೆ ಚೂರುಗಳನ್ನು ತಡೆಯುವ ಜಾಲರಿ. ವಿದ್ಯುತ್ತಿನ ಸ್ವಿಚ್ಚು ಹನಿ ತಲುಪದ ಎಡೆಯಲ್ಲಿರಲಿ. ದ್ರವವನ್ನು ಮಂಜಾಗಿ ಊದುವ ಉಪಾಯ ಮುಚ್ಚಿದ ಕೋಣೆಗೆ ತಕ್ಕುದಲ್ಲ. ಅದು ನೆಲವನ್ನು ಒಣಗಿಸಿ ಶ್ವಾಸಕೋಶವನ್ನು ತೋಯಿಸುತ್ತದೆ.

ನಮ್ಮ ಹುಡುಗ ಮಾಡಿದ್ದೂ ಇಷ್ಟೇ. ಧಾರೆಯನ್ನು ಅರ್ಧಕ್ಕೆ ಇಳಿಸಿದ, ನಲ್ಲಿಯನ್ನು ನಾಲ್ಕು ಬೆರಳು ಹತ್ತಿರ ತಂದ, ಹಲಗೆಗಳೆರಡನ್ನು ನಿಲ್ಲಿಸಿದ. ಹೆಚ್ಚು ಎರೆದಲ್ಲಿ ಹೆಚ್ಚು ತಂಪೆಂಬ ಭ್ರಮೆ ತೊಲಗಿದ್ದೇ ಮುಖ್ಯ. ತೋಟಕ್ಕೆ ನೀರು ಹಾಯಿಸುವ ನಮ್ಮ ರೈತನಿಗೆ ಬುಡ ಬಿಟ್ಟು ಬದುವಿಗೆ ಎರೆಯಬಾರದೆಂಬುದು ಗೊತ್ತೇ ಇದೆ. ಈಗ ಅದೇ ಧೋತರವನ್ನುಟ್ಟು ಕೊಟ್ಟಿಗೆಗೆ ಹೋಗುತ್ತೇನೆ. ನೆಲ ಒಣಗಿರುತ್ತದೆ; ನನಗೆಂದು ಒಂದು ಸ್ಟೂಲನ್ನೂ ಇಟ್ಟಿದ್ದಾನೆ.