ಮಮ್ಝಾರ್ ಪಾರ್ಕಿನಲ್ಲಿ ಅಂಡರ್‌ಕಟ್ ರೋಸ್ಟ್

ಡಿಸೆಂಬರ್ 2, ಯುಎಇ ರಾಷ್ಟ್ರೀಯ ದಿನದ ರಜೆ. ದುಬೈನಲ್ಲಿ ಫ್ಲ್ಯಾಟಿನ ಬಾಲ್ಕನಿಯಲ್ಲಿ ಇದ್ದಿಲು ಹೊತ್ತಿಸುವಂತಿಲ್ಲ. ಮಮ್ಝಾರ್, ಮುಶ್ರಿಫ್ ಪಾರ್ಕುಗಳಲ್ಲಿ ಬಾರ್ಬೆಕ್ಯೂಗೆಂದೇ ಜಾಗ ಇದೆ.

ಟೆಂಡರ್‌ಲಾಯಿನ್, ಅಂದರೆ ನಮ್ಮ ಅಂಡರ್‌ಕಟ್, ಕೊಬ್ಬು ಕಡಿಮೆ ಇರುವ ಮಾಂಸ. ಬೆಂಕಿ ಜಾಸ್ತಿಯಾದರೆ ಒಣಗಿಹೋಗುತ್ತೆ. ಹಿಂದಿನ ರಾತ್ರಿಯೇ ಉಪ್ಪು, ಕಾಳುಮೆಣಸು ಸವರಿ ಫ್ರಿಜ್ಜಿನಲ್ಲಿಡಿ. ತೆಳ್ಳಗಿನ ತುದಿ ಬೇಗ ಸೀಯುತ್ತೆ, ಅದನ್ನು ಒಳಕ್ಕೆ ಮಡಚಿ ದಾರ ಕಟ್ಟಿ.

ಗ್ರಿಲ್ ಚಿಕ್ಕದಲ್ವಾ? ಕೆಂಡವನ್ನೆಲ್ಲ ಒಂದೇ ಬದಿಗೆ ತಳ್ಳಿ. ಮೊದಲು ಕೆಂಡದ ಮೇಲೆ ಹೊರಳಿಸುತ್ತಾ ಸುತ್ತಲೂ ಕಂದು ಬಣ್ಣ ಬರಿಸಿ. ಆಮೇಲೆ ಖಾಲಿ ಬದಿಗೆ ಸರಿಸಿ ಮುಚ್ಚಳ ಹಾಕಿ. ಗಾಳಿಕಿಂಡಿ ಮಾತ್ರ ತೆರೆದಿರಲಿ. ಅಂದಾಜು ಬೇಡ, ಥರ್ಮಾಮೀಟರ್ ಚುಚ್ಚಿ ನೋಡಿ: ನಡುಭಾಗ 60 ಡಿಗ್ರಿ ಮುಟ್ಟಿದಾಗ ಇಳಿಸಿ, 10 ನಿಮಿಷ ಹಾಗೇ ಬಿಡಿ. ಒಳಗಿನ ಬಿಸಿಗೇ 63ರ ಹತ್ತಿರ ಹೋಗುತ್ತೆ.

ಉಳಿದ ಕೆಂಡವನ್ನು ಮರಳಲ್ಲಿ ಹೂಳಬೇಡಿ, ನೀರು ಸುರಿದು ಪೂರ್ತಿ ಆರಿಸಿ. ಅಲ್ಲಿ ಮಕ್ಕಳು ಬರಿಗಾಲಲ್ಲಿ ಓಡಾಡ್ತಾರೆ.