ಗೊದಮೊಟ್ಟೆಯ ಬೆನ್ನು ಹತ್ತಿದ ರಾಯರು

ಮಳೆಗಾಲದ ಹೊಂಡಗಳಲ್ಲಿ ಬಾಲವಾಡಿಸುತ್ತ ಸುಳಿದಾಡುವ ಗೊದಮೊಟ್ಟೆಗಳನ್ನು ಕಾಣದವರುಂಟೆ? ಆದರೆ ಅವುಗಳ ಬಾಯಿ, ಬಾಲಗಳ ರಚನೆಯನ್ನು ಪರೀಕ್ಷಿಸಿ, ಯಾವುದು ಯಾವ ಕಪ್ಪೆಯ ಮರಿಯೆಂದು ನಿರ್ಣಯಿಸಲು ಶ್ರಮಿಸಿದವರು ವಿರಳ. ಅಂಥ ವಿರಳರಲ್ಲಿ ಸಿ. ಆರ್. ನಾರಾಯಣರಾಯರು ಒಬ್ಬರು.

1882ರಲ್ಲಿ ಕೊಯಮತ್ತೂರಿನಲ್ಲಿ ಜನಿಸಿದ ರಾಯರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದರು. 1918ರಲ್ಲಿ ನೆಲ್ಸನ್ ಆನಂಡೇಲರೊಡಗೂಡಿ ಭಾರತದ ಬಯಲುಸೀಮೆಯ ಗೊದಮೊಟ್ಟೆಗಳನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿದರು. 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಪ್ರಥಮ ಸಂಪಾದಕರೂ ಅವರೇ. 1937ರಲ್ಲಿ ಅವರು ವರ್ಣಿಸಿದ ಹೊಸ ಕಪ್ಪೆಗಳಲ್ಲೊಂದು ಇಂದಿಗೂ ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರನ್ನು ಹೊತ್ತಿದೆ.

ರಾಯರು 1960ರಲ್ಲಿ ತೀರಿಕೊಂಡರು. ಹೊಸ ಜಾತಿಗಳಿಗೆ ಆಧಾರವೆಂದು ಅವರು ಕಾಲೇಜಿನಲ್ಲಿ ಕಾಪಿಟ್ಟಿದ್ದ ಮೂಲ ಮಾದರಿಗಳು ಮುಂದೆ ಕಳೆದುಹೋದವು. ಸಾಕ್ಷಿಯಿಲ್ಲದ ವರ್ಣನೆಯನ್ನು ಶಾಸ್ತ್ರವು ಸುಲಭವಾಗಿ ಒಪ್ಪದು. ಹೀಗಾಗಿ ನಂತರದ ಪ್ರಾಣಿಶಾಸ್ತ್ರಜ್ಞರು ರಾಯರ ಬರಹವನ್ನೇ ಕೈದೀವಿಗೆಯಾಗಿಸಿಕೊಂಡು ಪಶ್ಚಿಮಘಟ್ಟದ ಕಾಡುಗಳಲ್ಲಿ ಆ ಕಪ್ಪೆಗಳನ್ನು ಮತ್ತೆ ಅರಸಬೇಕಾಯಿತು.

2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ ವಿಜ್ಞಾನಿಗಳು ರಾಯರ ಸ್ಮರಣೆಗಾಗಿ ‘ರಾವೋರ್ಕೆಸ್ಟಿಸ್’ ಎಂದು ನಾಮಕರಣ ಮಾಡಿದರು. ಈ ಕಪ್ಪೆಗಳ ಬೆಳವಣಿಗೆಯೇ ಒಂದು ವಿಸ್ಮಯ. ಇವು ನೀರಿನಲ್ಲಿ ಈಜುವ ಗೊದಮೊಟ್ಟೆಗಳಾಗುವುದೇ ಇಲ್ಲ. ಭ್ರೂಣವು ಮೊಟ್ಟೆಯೊಳಗೇ ರೂಪಾಂತರ ಹೊಂದಿ, ನಾಲ್ಕು ಕಾಲುಗಳ ಪುಟ್ಟ ಕಪ್ಪೆಯಾಗಿಯೇ ಹೊರಬರುತ್ತದೆ! ಹುಬ್ಬಳ್ಳಿಯಿಂದ ಗೋವೆಗೆ ಸಾಗುವ ರೈಲುಮಾರ್ಗದ ಕ್ಯಾಸಲ್‌ರಾಕ್‌ನಿಂದ ಆನಂಡೇಲರು 1919ರಲ್ಲಿ ವರ್ಣಿಸಿದ ಕಪ್ಪೆಯೂ ಇದೇ ಕುಲಕ್ಕೆ ಸೇರಿದೆ.

ಗೊದಮೊಟ್ಟೆಗಳನ್ನು ಅರಿಯಲು ದುಡಿದವರ ಹೆಸರು ಗೊದಮೊಟ್ಟೆಯಿಲ್ಲದ ಕಪ್ಪೆಗಳಿಗೆ ಸಂದಿತು. ಗಾಜಿನ ಭರಣಿಗಳು ಉಳಿಯಲಿಲ್ಲ. ಘಟ್ಟದ ಮಳೆಯಲ್ಲಿ ಟಿಕ್‌ಟಿಕ್ಕೆನ್ನುವ ಜೀವಗಳಲ್ಲಿ ಹೆಸರು ಉಳಿಯಿತು.