ಕಟ್ಟಡ ನಿಂತಿತು, ಆಸ್ಪತ್ರೆಯೂ ನಿಂತಿತು

ಭೂಕಂಪಕ್ಕೆ ಹಳೆಯ ಕಟ್ಟಡಗಳಷ್ಟೇ ಬಲಿಯಾಗುತ್ತವೆ, ಹೊಸದಾಗಿ ಕಟ್ಟಿದ ಆಸ್ಪತ್ರೆಗೆ ಭಯವಿಲ್ಲ ಎಂಬ ನಂಬಿಕೆಗೆ 1971ರ ಫೆಬ್ರವರಿ 9ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಫರ್ನಾಂಡೋ ಕಣಿವೆಯಲ್ಲಿ ಸಂಭವಿಸಿದ ಕಂಪನವು ಅರ್ಧ ಮಾತ್ರ ಪುಷ್ಟಿ ನೀಡಿತು. ಸಿಲ್ಮಾರ್‌ನಲ್ಲಿ 1920ರ ದಶಕದಲ್ಲಿ ಕಟ್ಟಿದ್ದ ಮಾಜಿ ಸೈನಿಕರ ಆಸ್ಪತ್ರೆ ಕುಸಿದು ನಲವತ್ತಕ್ಕೂ ಹೆಚ್ಚು ಮಂದಿ ಸತ್ತದ್ದು ನಿಜ. ಆದರೆ ಅದೇ ಊರಿನಲ್ಲಿ ಆಗಷ್ಟೇ ಬಳಕೆಗೆ ಬಂದಿದ್ದ ಆಲಿವ್ ವ್ಯೂ ಆಸ್ಪತ್ರೆಯ ನಾಲ್ಕು ಮೆಟ್ಟಿಲು ಗೋಪುರಗಳಲ್ಲಿ ಮೂರು ಮುಖ್ಯ ಕಟ್ಟಡದಿಂದ ಕಳಚಿಕೊಂಡು ಉರುಳಿದವು, ಕೆಳ ಅಂತಸ್ತಿನ ಕಂಬಗಳು ವಾಲಿದವು, ಆಂಬುಲೆನ್ಸ್ ನಿಲ್ಲಿಸುವ ಜಾಗದ ಚಾವಣಿಯು ಬಿದ್ದು ಗಾಯಾಳುಗಳನ್ನು ಹೊತ್ತು ತರಬೇಕಾಗಿದ್ದ ಗಾಡಿಗಳನ್ನೇ ಜಜ್ಜಿತು. ಮೇಲೆ ಗಟ್ಟಿ ಗೋಡೆಗಳನ್ನಿಟ್ಟು ಕೆಳಗೆ ಬರಿಯ ಕಂಬಗಳಿಗೆ ಭಾರ ಹೊರಿಸಿದಾಗ ಅಲುಗಾಟದ ಪೆಟ್ಟೆಲ್ಲ ಕೆಳ ಅಂತಸ್ತಿಗೇ ಬೀಳುವುದರಿಂದ, ಇಲ್ಲಿ ವಯಸ್ಸಿಗಿಂತ ವಿನ್ಯಾಸವೇ ನಿರ್ಣಾಯಕವಾಯಿತು.

ಈ ಅನಾಹುತದ ಬೆನ್ನಿಗೆ 1973ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಂದ ಕಾಯಿದೆಯು ಎಲ್ಲ ಆಸ್ಪತ್ರೆಗಳನ್ನೂ ಒಳಗೊಂಡಿತ್ತೆಂದು ಭಾವಿಸುವುದೂ ತಪ್ಪು. ಅದು ಮುಂದೆ ಕಟ್ಟುವ ಆಸ್ಪತ್ರೆಗಳಿಗೆ ಅನ್ವಯಿಸಿತ್ತು. ಹಳೆಯವು ತಾವಾಗಿಯೇ ಕಾಲಕ್ರಮದಲ್ಲಿ ಮರೆಯಾಗುತ್ತವೆ ಎಂಬ ಎಣಿಕೆ, ಹಣದ ಲೆಕ್ಕ ಬಲ್ಲ ಯಾರಿಗೂ ಊಹಿಸಲು ಸಾಧ್ಯವಿದ್ದಂತೆ, ಸುಳ್ಳಾಯಿತು.

ಕಟ್ಟಡ ಬೀಳದಿದ್ದರೆ ಆಸ್ಪತ್ರೆ ಉಳಿದಂತೆ ಎಂಬುದು ಎಲ್ಲಕ್ಕಿಂತ ಆಳವಾಗಿ ಬೇರೂರಿದ ಕಲ್ಪನೆ. ಕೆಡವಿ ಮತ್ತೆ ಕಟ್ಟಿದ ಆಲಿವ್ ವ್ಯೂ 1994ರ ಜನವರಿ 17ರಂದು 6.7 ತೀವ್ರತೆಯ ನಾರ್ತ್‌ರಿಡ್ಜ್ ಭೂಕಂಪವನ್ನು ಎದುರಿಸಿದಾಗ ಚಾವಣಿಯ ಮಟ್ಟದಲ್ಲಿ ಅಲುಗಾಟದ ವೇಗೋತ್ಕರ್ಷವು ಗುರುತ್ವಾಕರ್ಷಣೆಯ ಎರಡು ಪಟ್ಟನ್ನೂ ಮೀರಿತ್ತು. ಆದರೂ ಅದರ ಚೌಕಟ್ಟಿಗೆ ಹೇಳಿಕೊಳ್ಳುವಂಥ ಪೆಟ್ಟಾಗಲಿಲ್ಲ. ಆದರೆ ಬೆಂಕಿ ನಂದಿಸಲೆಂದು ಅಳವಡಿಸಿದ್ದ ಸ್ಪ್ರಿಂಕ್ಲರ್ ಕೊಳವೆಗಳು ಒಡೆದು, ನೀರು ಮಹಡಿಯಿಂದ ಮಹಡಿಗೆ ಹರಿದು, ಕಡೆಗೆ ರೋಗಿಗಳನ್ನೇ ಬೇರೆಡೆಗೆ ಸಾಗಿಸಬೇಕಾಯಿತು. ಕೊಳವೆ, ತಾರಸಿಯಡಿಯ ಹಲಗೆ, ಜನರೇಟರ್, ಆಮ್ಲಜನಕದ ನಳಿಕೆ ಮೊದಲಾಗಿ ಭಾರ ಹೊರದ ಭಾಗಗಳ ಗಟ್ಟಿತನವೂ ಕಂಬ-ತೊಲೆಗಳಷ್ಟೇ ಮುಖ್ಯವೆಂದು ಈ ನೀರು ತೋರಿಸಿಕೊಟ್ಟಿತು. ಅದೇ ವರ್ಷ ಕಾಯಿದೆಗಾದ ತಿದ್ದುಪಡಿಯ ಪ್ರಕಾರ ಪ್ರತಿ ಕಟ್ಟಡಕ್ಕೂ ಎರಡು ಶ್ರೇಣಿಗಳು ದೊರೆತವು: ಚೌಕಟ್ಟಿಗೆ ‘ಎಸ್‌ಪಿಸಿ’, ಭಾರ ಹೊರದ ಭಾಗಗಳಿಗೆ ‘ಎನ್‌ಪಿಸಿ’, ಎರಡರಲ್ಲೂ 1 ಕನಿಷ್ಠ, 5 ಗರಿಷ್ಠ.

ಗಡುವುಗಳ ಕುರಿತ ಗೊಂದಲವೂ ಕಟ್ಟಡ ಬೀಳದಿರುವುದಕ್ಕೂ ಆಸ್ಪತ್ರೆ ನಡೆಯುವುದಕ್ಕೂ ಇರುವ ಭೇದ ಅರಿಯದಿರುವುದರಿಂದಲೇ ಹುಟ್ಟಿದೆ. ಕುಸಿಯುವ ಅಪಾಯವಿರುವ ಎಸ್‌ಪಿಸಿ 1 ಶ್ರೇಣಿಯ ಕಟ್ಟಡಗಳಲ್ಲಿ ಒಳರೋಗಿಗಳ ಚಿಕಿತ್ಸೆ 2008ಕ್ಕೆ ನಿಲ್ಲಬೇಕಿತ್ತು, ಆ ದಿನಾಂಕ ಅನೇಕ ಆಸ್ಪತ್ರೆಗಳಿಗೆ ಮುಂದೆ ಮುಂದೆ ಹೋಯಿತು. 2030ರ ಗಡುವು ಅದರದೇ ಮುಂದೂಡಿಕೆಯಲ್ಲ, ಭೂಕಂಪದ ಅನಂತರವೂ ಚಿಕಿತ್ಸೆ ನಡೆಯಬೇಕೆಂಬ ಬೇರೆಯದೇ ಷರತ್ತಿನದು. ಜೀವಹಾನಿಯಾಗದಷ್ಟು ಗಟ್ಟಿಯಾಗಿದ್ದರೂ ಬಳಿಕ ಬಳಕೆಗೆ ಬಾರದೆ ಹೋಗಬಹುದಾದ ಎಸ್‌ಪಿಸಿ 2 ಕಟ್ಟಡಗಳು ಸಿಕ್ಕಿಬಿದ್ದಿರುವುದು ಇಲ್ಲಿಯೇ. ಗಡುವು ಮೀರಿದ ಕಟ್ಟಡವನ್ನು ಕೆಡವಲೇಬೇಕೆಂದೇನೂ ಇಲ್ಲ. ಕಚೇರಿಯಂಥ ಬೇರೆ ಬಳಕೆಗೆ ತಿರುಗಿಸಬಹುದು. ಆಸ್ಪತ್ರೆಯಾಗಿಯೇ ಉಳಿಸಿಕೊಳ್ಳುವುದಾದರೆ ಮಾತ್ರ ಎನ್‌ಪಿಸಿ 5ರ ಪಟ್ಟಿಯಲ್ಲಿ ಅತ್ಯಂತ ಸಪ್ಪೆಯಾಗಿ ಕಾಣುವ ಒಂದು ಬೇಡಿಕೆಯನ್ನೂ ಪೂರೈಸಬೇಕು: ಹೊರಗಿನ ನಲ್ಲಿ, ಚರಂಡಿ, ವಿದ್ಯುತ್ ತಂತಿ ಯಾವುದೂ ಇಲ್ಲದೆ 72 ಗಂಟೆ ನಡೆಯುವಷ್ಟು ನೀರು, ಕೊಳಚೆ ಹಿಡಿದಿಡುವ ತೊಟ್ಟಿ, ಜನರೇಟರ್‌ಗೆ ಇಂಧನ.